ಹುಯಿಲಗೋಳ ವಕೀಲರ ನೆನಪು
(ಸೂಡಿಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ಗದಗಿನ ಹುಯಿಲಗೋಳ ನಾರಾಯಣರಾಯರು (1884–1971) ವಕೀಲರು. ಕೋರ್ಟಿನ ಕೋಟು ಕಳಚಿಟ್ಟು ಹಾಡು ಬರೆದರು, ನಾಟಕ ಬರೆದರು, ಕಾದಂಬರಿ ಬರೆದರು. ಅವರ 'ಉದಯವಾಗಲಿ' ಗೀತೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿತು. ಅವರು ನಡೆಸಿದ ಖಟ್ಲೆಗಳು ನಮಗ್ಯಾರಿಗೂ ಗೊತ್ತಿಲ್ಲ. ಹಾಡು ಮಾತ್ರ ಬಾಯಲ್ಲಿ ಉಳಿದಿದೆ.

ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂತು. ಕೌಟುಂಬಿಕ ಹಿಂಸೆಯಿಂದ ರಕ್ಷಿಸುವ ಕಾಯ್ದೆ 2005ರಲ್ಲಿ ಬಂತು. ಆದರೂ ಹೊಡೆತ ತಿಂದು ತವರಿಗೆ ಬಂದ ಮಗಳಿಗೆ ನಾವಿನ್ನೂ 'ಹೊಂದಿಕೊಂಡು ಹೋಗವ್ವಾ' ಅನ್ನುತ್ತೇವೆ.

ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ಇನ್ನುಮುಂದೆ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಮಾತನ್ನೂ ಆಡೋಣ. ಹಾಡಿನಂತೆ ಕಾಯ್ದೆಯೂ ನಮ್ಮ ಬಾಯಿಗೆ ಬರಲಿ.