ಚೀಟಿಯಲ್ಲಿ ಒಂದು, ಹೊಲದಲ್ಲಿ ಹತ್ತು
(ಕಲ್ಯಾಣದುರ್ಗದ ಕಬ್ಬು ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಹಲವರ ಬಳಿ ಮಣ್ಣು ಪರೀಕ್ಷೆಯ ಚೀಟಿ ಇದೆ. ಕೆಂಪು ನೆಲದ ಚೀಟಿಯಲ್ಲಿ ರಸಸಾರ 7.2, ತಗ್ಗಿನ ಎರೆ ನೆಲದ್ದರಲ್ಲಿ 8.2 ಎಂದಿದ್ದರೆ, "ಒಂದೇ ಅಂಕದ ಅಂತರ ತಾನೆ" ಎಂದು ಎರಡು ಹೊಲಕ್ಕೂ ಒಂದೇ ರೀತಿ ಸೂಪರ್ ಫಾಸ್ಫೇಟ್ ಎರಚಿಬಿಡುತ್ತೀರಿ. ದುಡ್ಡು ಮಣ್ಣುಪಾಲಾಗುವುದು ಇಲ್ಲಿಯೇ.

ರಸಸಾರವೆಂದರೆ ಪಿ.ಎಚ್. ಡೆನ್ಮಾರ್ಕಿನ ಸೋರೆನ್‌ಸನ್ ಎಂಬ ವಿಜ್ಞಾನಿ 1909ರಲ್ಲಿ ಈ ಅಳತೆಯನ್ನು ತಂದರು. ಬಲು ಸಣ್ಣ ಸಂಖ್ಯೆಗಳನ್ನು ಸುಲಭವಾಗಿ ಬರೆಯಲು ಲಘುಗಣಕವನ್ನು, ಅಂದರೆ ಲಾಗ್ ಅನ್ನು, ಬಳಸಿದರು. ಆದ್ದರಿಂದ ಒಂದು ಅಂಕ ಏರಿದರೆ ಆಮ್ಲದ ಅಂಶ ಹತ್ತನೇ ಒಂದಕ್ಕೆ ಇಳಿಯುತ್ತದೆ; ಎರಡು ಅಂಕ ಏರಿದರೆ ನೂರನೇ ಒಂದಕ್ಕೆ.

ಇದೇ ಲೆಕ್ಕ ಗೊಬ್ಬರದಲ್ಲಿರುವ ರಂಜಕಕ್ಕೂ ಉಂಟು. ಆಮ್ಲವು ತನ್ನ ಹೈಡ್ರೋಜನನ್ನು ಎಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆ ಎಂಬುದನ್ನು ಹೇಳುವ ಸಂಖ್ಯೆಗೆ ವಿಘಟನಾ ಸ್ಥಿರಾಂಕ ಎನ್ನುತ್ತಾರೆ. ಫಾಸ್ಫಾರಿಕ್ ಆಮ್ಲದ ಎರಡನೆಯ ಹೈಡ್ರೋಜನಿಗೆ ಇದು 0.000000063, ಅಂದರೆ 6.3ನ್ನು ಹತ್ತು ಕೋಟಿಯಿಂದ ಭಾಗಿಸಿದಷ್ಟು. ಹತ್ತು ಕೋಟಿಯಲ್ಲಿ ಸೊನ್ನೆ ಎಂಟು, ಅದರ ಲಾಗ್ 8. ಲಾಗ್ ಪುಸ್ತಕದಲ್ಲಿ 6.3ಕ್ಕೆ 0.8. ಎಂಟರಲ್ಲಿ 0.8 ಕಳೆದರೆ 7.2. ಇದೇ ಪಿ.ಕೆ. ಹಿಂದಕ್ಕೆ ಬರಬೇಕಾದರೆ 7.2ನ್ನು 8ರಲ್ಲಿ 0.8 ಕಳೆದದ್ದೆಂದು ಬರೆದು, 0.8ಕ್ಕೆ ಪ್ರತಿಲಾಗ್ 6.3 ತೆಗೆದು, ಹತ್ತು ಕೋಟಿಯಿಂದ ಭಾಗಿಸಿರಿ. ಕಾಲೇಜಿಗೆ ಹೋಗುವ ನಿಮ್ಮ ಮಕ್ಕಳನ್ನು ಕೇಳಿ, ಮಾಡಿ ತೋರಿಸುತ್ತಾರೆ.

ಇದರಿಂದ ಕಬ್ಬಿಗೇನು ಲಾಭ? ನೆಲದ ನೀರಿನ ರಸಸಾರವೂ 7.2 ಆದಾಗ, ಅದರಲ್ಲಿ ಕರಗಿದ ರಂಜಕವು ಎರಡು ರೂಪಗಳಲ್ಲಿ ಸಮಪಾಲಾಗಿ ಇರುತ್ತದೆ. ಒಂದು ಬೇರು ಸುಲಭವಾಗಿ ಹೀರುವ ರೂಪ. ಇನ್ನೊಂದು ಅಷ್ಟು ಸುಲಭವಾಗಿ ಹೀರದ್ದು. ರಸಸಾರ 8.2 ಆದರೆ ಹನ್ನೊಂದು ಪಾಲಿನಲ್ಲಿ ಒಂದು ಪಾಲು ಮಾತ್ರ ಮೊದಲನೆಯದು. ಸಾಲದ್ದಕ್ಕೆ ಸುಣ್ಣವಿರುವ ನೆಲದಲ್ಲಿ ರಂಜಕವು ಸುಣ್ಣದೊಡನೆ ಸೇರಿ ಗಟ್ಟಿಯಾಗುತ್ತದೆ. ಮರಿ ಒಡೆಯುವ ಕಾಲಕ್ಕೆ ಪೈರು ಬಡವಾಗುತ್ತದೆ.

ಹಾಗೆಂದು ಗೊಬ್ಬರವನ್ನು ಹತ್ತು ಪಟ್ಟು ಸುರಿಯಬೇಡಿ. ಬೇರು ಹೀರಿದಂತೆಲ್ಲ ಒಂದು ರೂಪ ಇನ್ನೊಂದಾಗಿ ಬದಲಾಗುತ್ತಲೇ ಇರುತ್ತದೆ. ಆದುದರಿಂದ ಎರೆ ನೆಲದಲ್ಲಿ ಸೂಪರ್ ಫಾಸ್ಫೇಟನ್ನು ಮೇಲೆ ಎರಚದೆ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ, ನಾಟಿಗೆ ಮುಂಚೆ ಸಾಲಿನ ತಳಕ್ಕೆ ಹಾಕಿರಿ. ಬೇರಿನ ಬಳಿ ಇದ್ದದ್ದು ಬೇರಿಗೆ ದಕ್ಕುತ್ತದೆ. ರಸಸಾರ 8.5 ದಾಟಿ ಸೋಡಿಯಂ ಹೆಚ್ಚಿದ್ದರೆ ಮಾತ್ರ ಜಿಪ್ಸಂ. ಅದೂ ಪರೀಕ್ಷೆ ಹೇಳಿದಷ್ಟೇ.

ಮುಂದಿನ ನಾಟಿಗೆ ಮೊದಲು ಒಂದೊಂದು ಹೊಲದ ಮಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷೆಗೆ ತನ್ನಿರಿ. ಚೀಟಿ ಕೈಗೆ ಬಂದಾಗ ಬಿಂದುವಿನ ಹಿಂದಿನ ಅಂಕವನ್ನು ಮೊದಲು ನೋಡಿರಿ. ಅಲ್ಲಿ ಒಂದೆಂದರೆ ಹತ್ತು ಎಂಬುದನ್ನು ಮರೆಯದಿರಿ.