ಹಂಡೆ ಹೋಗಿ ಸೋಲಾರ್ ಬಂತು



ನೀರು ತುಂಬುವ ಹಬ್ಬದ ಸಂಜೆ ಹಂಡೆ ತೊಳೆದು, ನಸುಕಿನಲ್ಲಿ ಬಚ್ಚಲೊಲೆ ಊದಿದ ನೆನಪು ನಮ್ಮಲ್ಲಿ ಅನೇಕರಿಗಿದೆ. ಇಂದು ಊರಿನ ತಾರಸಿಗಳ ಮೇಲೆ ಸೋಲಾರ್ ಹೀಟರ್ ಕೂತಿದೆ. 2007ರಲ್ಲಿ ಕರ್ನಾಟಕ ಸರ್ಕಾರ ಹಲವು ಬಗೆಯ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತು. ವಯಸ್ಸಾದ ತಂದೆತಾಯಿಗಳಿಗೆಂದು ಆಸ್ಟ್ರೇಲಿಯಾದಿಂದ ಹಣ ಕಳಿಸಿ ಹಾಕಿಸಿದವರೂ ನಾವೇ.

ಇದರ ಕೆಲಸ ಸರಳ. ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಕಪ್ಪು ಲೇಪದ ತಾಮ್ರದ ಹಾಳೆ, ಅದಕ್ಕಂಟಿದ ಕೊಳವೆಗಳು. ಬಿಸಿಲು ಗಾಜನ್ನು ದಾಟಿ ಒಳಬರುತ್ತದೆ; ಕಾದ ಹಾಳೆಯ ಶಾಖವನ್ನು ಗಾಜು ಸುಲಭವಾಗಿ ಹೊರಬಿಡದು. ಕೊಳವೆಯ ನೀರು ಕಾದು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ತಳದ ತಣ್ಣೀರು ಇಳಿದು ಅದರ ಜಾಗಕ್ಕೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಅದಕ್ಕೇ ಟ್ಯಾಂಕು ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು. ಟ್ಯಾಂಕಿನ ಸುತ್ತಲಿನ ದಪ್ಪ ಫೋಮಿನ ಹೊದಿಕೆ ಸಂಜೆಯ ಬಿಸಿಯನ್ನು ಬೆಳಗಿನ ಸ್ನಾನದವರೆಗೆ ಕಾಯುತ್ತದೆ. ಇಲ್ಲಿ ಉತ್ತರಕ್ಕೆ ಮುಖ ಮಾಡುವ ಪೆಟ್ಟಿಗೆ ಊರಿನಲ್ಲಿ ದಕ್ಷಿಣಕ್ಕೆ ಮುಖ ಮಾಡಬೇಕು, ಅಷ್ಟೇ ವ್ಯತ್ಯಾಸ.

ಆದರೆ ಒಂದು ಮಾತು. ಹಂಡೆಯ ನೀರನ್ನು ನಾವು ತೋಡಿ, ಬೆರಳಿಟ್ಟು ನೋಡಿ, ತಣ್ಣೀರು ಬೆರೆಸುತ್ತಿದ್ದೆವು. ಉರಿ ಹೆಚ್ಚಾದರೆ ಸೌದೆ ಹಿಂದಕ್ಕೆಳೆಯುತ್ತಿದ್ದೆವು. ಬಿಸಿಲನ್ನು ಹಿಂದಕ್ಕೆಳೆಯಲಾದೀತೇ? ಮನೆಯಲ್ಲಿ ಇಬ್ಬರೇ ಇದ್ದು ನೀರು ಖರ್ಚಾಗದಿದ್ದರೆ ಬೇಸಿಗೆಯಲ್ಲಿ ಅದು 70 ಡಿಗ್ರಿ ದಾಟಬಹುದು. ನಲ್ಲಿ ತಿರುಗಿಸಿದರೆ ಕೊಳವೆಯಲ್ಲಿ ನಿಂತ ತಣ್ಣೀರು ಮೊದಲು ಬರುತ್ತದೆ. ಬಿಸಿ ಬರಲಿಲ್ಲವೆಂದು ಪೂರ್ತಿ ತಿರುಗಿಸಿ ಕೆಳಗೆ ನಿಂತವರ ಮೇಲೆ ಒಮ್ಮೆಲೇ ಸುಡುನೀರು ಸುರಿಯುತ್ತದೆ. 60 ಡಿಗ್ರಿಯ ನೀರು ಸುಮಾರು 5 ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನೂ ಆಳವಾಗಿ ಸುಡಬಲ್ಲದು. ಮುಪ್ಪಿನ ಚರ್ಮ ಇನ್ನೂ ತೆಳು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗಂತೂ ಸುಟ್ಟದ್ದೇ ತಿಳಿಯುವುದಿಲ್ಲ. ಆ ಗಾಯ ಬೇಗ ಮಾಯುವುದೂ ಇಲ್ಲ. ವೈದ್ಯರಾದ ನಮಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಆಸ್ಟ್ರೇಲಿಯಾದ ಹೊಸ ಮನೆಗಳಲ್ಲಿ ಟ್ಯಾಂಕಿನ ನೀರನ್ನು ರೋಗಾಣು ಬೆಳೆಯದಂತೆ 60 ಡಿಗ್ರಿಯಲ್ಲಿಟ್ಟರೂ, ಸ್ನಾನದ ನಲ್ಲಿಯಲ್ಲಿ 50 ಮೀರದಂತೆ ತಣ್ಣೀರು ಬೆರೆಸುವ ವಾಲ್ವ್ ಇರುತ್ತದೆ. ಹೀಟರಿಗೆ ಹಣ ಕಳಿಸಿದ ನಾವು ಅಂಥ ವಾಲ್ವಿಗೂ ಕಳಿಸೋಣ. ಅಲ್ಲಿಯವರೆಗೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು; ಮೊಣಕೈ ಅದ್ದಿ ನೋಡಿ ಸ್ನಾನ.

ಈ ಭಾನುವಾರ ಊರಿಗೆ ಫೋನು ಮಾಡಿ "ಊಟ ಆಯ್ತಾ?" ಎಂದು ಕೇಳಿದ ಮೇಲೆ, "ಬಚ್ಚಲಲ್ಲಿ ನೀರು ಎಷ್ಟು ಬಿಸಿ ಬರುತ್ತೆ?" ಎಂದೂ ಕೇಳೋಣ.