ಪಟ್ಟೆ ಬಟ್ಟೆಯಲ್ಲಿ ಹಬ್ಬದ ಪರಕರ-ಪೋಲಕ

(ದೀಪಾವಳಿಗೆ ಮುನ್ನ ಮಹಿಳಾ ವಿಭಾಗ ನಡೆಸಿದ ಹೊಲಿಗೆ ಕಾರ್ಯಾಗಾರದಲ್ಲಿ ಮಾಡಿದ ಉಪನ್ಯಾಸ)



ಮಂಗಳದಾಸ್ ಮಾರ್ಕೆಟ್ ಸುತ್ತಿ ಬಂದವರ ಚೀಲಗಳಲ್ಲಿ ಈ ಸಲ ಪಟ್ಟೆ ಬಟ್ಟೆಯೇ ಹೆಚ್ಚು ಕಾಣುತ್ತಿದೆ, ಅದರಲ್ಲೂ ಮಶ್ರೂ. ಗುಜರಾತಿನ ಪಾಟಣ, ಮಾಂಡವಿ ಕಡೆ ನೇಯುವ ಬಟ್ಟೆ ಇದು. ಹಾಸು ರೇಷ್ಮೆ, ಹೊಕ್ಕು ಹತ್ತಿ. ಹೊರಗೆ ಹೊಳಪು, ಮೈಗೆ ತಾಗುವ ಬದಿಯಲ್ಲಿ ಹತ್ತಿ. ರೇಷ್ಮೆ ಮೈಗೆ ನೇರ ತಾಗಬಾರದು ಎಂದು ನಂಬಿದ್ದ ಮುಸ್ಲಿಂ ಗಂಡಸರು ಇದನ್ನು ತೊಡುತ್ತಿದ್ದರು. ಮಶ್ರೂ ಎಂದರೆ ಧರ್ಮ ಒಪ್ಪಿದ್ದು ಎಂದರ್ಥ. ಈಗ ರೇಷ್ಮೆಯ ಜಾಗದಲ್ಲಿ ಹೆಚ್ಚಾಗಿ ರೇಯಾನ್ ಇರುತ್ತದೆ. ಇಸ್ತ್ರಿ ಹದವಾದ ಬಿಸಿಯಲ್ಲಿರಲಿ, ಒಳಬದಿಯಿಂದಲೇ ಹಾಕಿ.

ಮನೆಗೆ ತಂದ ಕೂಡಲೇ ಕತ್ತರಿ ಹುಡುಕಬೇಡಿ. ಅಗಲವಾದ ಒಂದು ಪಟ್ಟೆಯ ನಟ್ಟನಡುವೆ ಬಟ್ಟೆ ಮಡಚಿ ನೋಡಿ. ಕೆಂಪಿನ ಮೇಲೆ ಕೆಂಪು, ಹಳದಿಯ ಮೇಲೆ ಹಳದಿ ಕೂತರೆ ಅದು ಸಮ ಪಟ್ಟೆ. ಕೆಂಪಿನ ಎದುರು ಹಸಿರು ಬಂತೋ, ಅದು ಒಮ್ಮುಖದ ಪಟ್ಟೆ. ಈ ಒಂದು ನಿಮಿಷದ ಪರೀಕ್ಷೆ ಮಾಡದೆ ಕಳಿ ಕತ್ತರಿಸಿದರೆ ಆಮೇಲೆ ಸರಿಪಡಿಸುವುದು ಆಗದ ಮಾತು. ಕಳಿಯ ಪರಕರದಲ್ಲಿ ಎರಡು ಕಳಿ ಕೂಡುವಲ್ಲಿ ಪಟ್ಟೆಗಳು ಬಾಣದ ಮೊನೆಯಂತೆ ಸೇರಬೇಕು, ಅಂದ ಇರುವುದೇ ಅಲ್ಲಿ. ಪ್ರತಿ ಕಳಿಯ ನಡುಗೆರೆ ಒಂದೇ ಬಣ್ಣದ ಪಟ್ಟೆಯ ಮೇಲೆ ಬಂದರೆ ಸಮ ಪಟ್ಟೆ ತಾನಾಗಿ ಕೂಡುತ್ತದೆ. ಒಮ್ಮುಖದ ಪಟ್ಟೆ ಹೀಗೆ ಕೂಡುವುದಿಲ್ಲ. ಅಂಥ ಬಟ್ಟೆಗೆ ನೆರಿಗೆಯ ಪರಕರವೇ ಸರಿ. ನೆರಿಗೆಯೊಳಗೆ ಎಲ್ಲ ಅಡಗಿಹೋಗುತ್ತದೆ.

ಆರು ವರ್ಷದ ಹುಡುಗಿಗೆ 26 ಅಂಗುಲ ಉದ್ದದ ಪರಕರ ಎಂದಿಟ್ಟುಕೊಳ್ಳಿ. ಕೆಳಮಡಿಕೆಗೆ, ಸೊಂಟದ ಹೊಲಿಗೆಗೆ 4 ಅಂಗುಲ. 44 ಅಂಗುಲ ಪನ್ನಾದ ಬಟ್ಟೆಯಲ್ಲಿ 30 ಅಂಗುಲದ ಎರಡು ತುಂಡಿಗೆ ಒಂದೂವರೆ ಮೀಟರಿಗಿಂತ ತುಸು ಹೆಚ್ಚು, ಪೋಲಕಕ್ಕೆ ಮುಕ್ಕಾಲು ಮೀಟರ್. ಕಳಿ ಬೇಕೆಂದರೆ ಇನ್ನೂ ಅರ್ಧ ಮೀಟರಾದರೂ ಹೆಚ್ಚು ತನ್ನಿ. ಕೈಮಗ್ಗದ ಬಟ್ಟೆಯ ಪನ್ನಾ ಕಡಿಮೆ ಇರಬಹುದು, ಅಂಗಡಿಯಲ್ಲೇ ಅಳೆಸಿ.

ಪೋಲಕಕ್ಕೆ ಅಡ್ಡ ಪಟ್ಟೆ, ಪರಕರಕ್ಕೆ ಉದ್ದ ಪಟ್ಟೆ ನನಗೆ ಇಷ್ಟ. ಓರೆಯಾಗಿ ಕತ್ತರಿಸಿದ ಎದೆಭಾಗ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಅಸ್ತರಿ ಇಲ್ಲದಿದ್ದರೆ ಹಬ್ಬ ಮುಗಿಯುವಷ್ಟರಲ್ಲಿ ಜಗ್ಗಿರುತ್ತದೆ. ಮಕ್ಕಳೇನು ಸುಮ್ಮನೆ ಕೂರುತ್ತಾರೆಯೇ! ಬಟ್ಟೆಯನ್ನು ಒಂದೇ ಪದರದಲ್ಲಿ ಹಾಸಿ ಕತ್ತರಿಸಿ. ಮಡಚಿ ಕತ್ತರಿಸಿದರೆ ಕೆಳಪದರದ ಪಟ್ಟೆ ಎಲ್ಲಿ ಸರಿಯಿತೆಂದು ಗೊತ್ತಾಗುವುದಿಲ್ಲ. ಮೊದಲು ಕತ್ತರಿಸಿದ ತುಂಡನ್ನೇ ಮಗುಚಿ ಬಟ್ಟೆಯ ಮೇಲಿಟ್ಟು, ಪಟ್ಟೆಗೆ ಪಟ್ಟೆ ಕೂಡಿಸಿ ಎರಡನೆಯದನ್ನು ಕತ್ತರಿಸಿ. ಮುಂಭಾಗದ ಎಡ-ಬಲ, ಎರಡು ಪಫ್ ತೋಳು, ಎಲ್ಲಕ್ಕೂ ಇದೇ ಕ್ರಮ.

ಹೊಲಿಯುವಾಗ ಮಷಿನ್ನಿನ ಹಲ್ಲು ಕೆಳಪದರವನ್ನು ಬೇಗ ಎಳೆಯುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಮೇಲಿಂದ ಸರಿಯಾಗಿ ಹೊಂದಿದ್ದ ಪಟ್ಟೆ ಕೆಳಗೆ ಬರುವಷ್ಟರಲ್ಲಿ ಕಾಲು ಅಂಗುಲ ಜಾರುವುದು ಇದರಿಂದಲೇ. ಪ್ರತಿ ಪಟ್ಟೆಗೂ ಒಂದು ಗುಂಡುಪಿನ್ನು, ಮೇಲೆ ಕೈಯಲ್ಲಿ ಕಚ್ಚಾ ಹೊಲಿಗೆ. ಮಶ್ರೂ ಜಾರುವ ಬಟ್ಟೆ, ಅಂಚಿನಲ್ಲಿ ಎಳೆಯೂ ಬಿಡುತ್ತದೆ. ಕತ್ತರಿಸಿದ ದಿನವೇ ಇಂಟರ್‌ಲಾಕ್ ಮಾಡಿಸಿ.

ಈಗ ಸ್ವಲ್ಪ ಖಾರದ ಮಾತು. ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲೇ ಹೊಲಿದು ಕೊಡುತ್ತೀರಿ. ಸಾದಾ ಬಟ್ಟೆಗೂ ಪಟ್ಟೆ ಬಟ್ಟೆಗೂ ಒಂದೇ ಮಜೂರಿ ತೆಗೆದುಕೊಳ್ಳುವವರೇ ಬಹಳ. ‘ಪರಿಚಯದವರು, ಹೇಗೆ ಕೇಳಲಿ?’ ಎನ್ನುತ್ತೀರಿ. ಪಟ್ಟೆ ಹೊಂದಿಸುವ ಕೆಲಸಕ್ಕೆ ಒಂದು ಪರಕರಕ್ಕೆ ಎರಡು ತಾಸು ಹೆಚ್ಚು ಹಿಡಿಯುತ್ತದೆ. ಹಬ್ಬದ ವಾರದಲ್ಲಿ ಆ ಎರಡು ತಾಸು ನಿಮ್ಮ ನಿದ್ದೆಯಿಂದ ಬರುತ್ತದೆ, ಚಕ್ಕಲಿ ಕರಿದು ಮುಗಿಸಿದ ಮೇಲೆ. ಬಟ್ಟೆ ಕೈಗೆ ತೆಗೆದುಕೊಳ್ಳುವಾಗಲೇ ಪಟ್ಟೆ ತೋರಿಸಿ ಮಜೂರಿ ಹೇಳಿ. ಹೊಲಿದಾದ ಮೇಲೆ ಹೇಳಿದರೆ ಜಗಳ. ಅಷ್ಟು ಕೊಡಲಾರೆ ಎಂದವರಿಗೆ ನೆರಿಗೆಯ ಪರಕರ ಹೊಲಿದುಕೊಡಿ, ಅದೂ ಚೆಂದವೇ. ಆದರೆ ಕಳಿಯದ್ದನ್ನು ನೆರಿಗೆಯ ದರಕ್ಕೆ ಹೊಲಿಯಬೇಡಿ.

ನಿಮ್ಮ ನಿಮ್ಮ ಬಟ್ಟೆ ತಂದವರು ಮೇಜಿನ ಮೇಲೆ ಹಾಸಿ. ಸಮ ಪಟ್ಟೆಯವರು ಈ ಕಡೆ, ಒಮ್ಮುಖದವರು ಆ ಕಡೆ ಬನ್ನಿ. ಒಬ್ಬೊಬ್ಬರದೂ ನೋಡಿ, ಗುರುತು ಹಾಕಿದ ಮೇಲೆ ಕತ್ತರಿಸೋಣ.